ಅಂಚನ್ನೂ ಉಜ್ಜಿಸಿಕೊಂಡ ಥ್ರಾಟಲ್

ಮಾರ್ಚ್ ಎಂಟು. ಒಣ ಬಿಸಿಲು, ಎಲೆ ಅಲುಗುವಷ್ಟೂ ಗಾಳಿಯಿಲ್ಲ.

ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲೊಂದು, ಲೋಹ ಕೊರೆಯುವ ಲೇತಿನಲ್ಲಿ ತನ್ನ ಗಂಟಲು ಅಗಲ ಮಾಡಿಸಿಕೊಂಡು ಬಂದು, ಗಾಳಿ ಅಳೆಯುವ ಯಂತ್ರದ ಮೇಲೆ ಕೂತಿತು. ಮುಂದೆ ಲೇತಿಗೆ ಹೋಗಬೇಕಾಗಿದ್ದ ಅದರ ತಮ್ಮ ಪಕ್ಕದಲ್ಲಿ ನೋಡುತ್ತಿತ್ತು.

ಥ್ರಾಟಲ್ ಪೂರ್ತಿ ತೆರೆಯಿತು. ಯಂತ್ರದ ಗಾಜಿನ ಕೊಳವೆಯಲ್ಲಿ ಗಾಳಿಯ ಅಳತೆ ತೋರಿಸುವ ನೀರು ಹಿಂದೆಂದೂ ಏರದಷ್ಟು ಏರಿತು.

"ನೋಡಿದೆಯೇನೋ?" ಎಂದಿತು ಅಣ್ಣ. "ಮುಚ್ಚುವ ತಟ್ಟೆ ಕೂರುತ್ತದಲ್ಲ, ಆ ಅಂಚನ್ನೂ ಬಿಡದೆ ಉಜ್ಜಿಸಿಕೊಂಡೆ. ನಾಡಿದ್ದು ರೇಸಿಗೆ ನಾನೇ."

"ನನಗೂ ಹಾಗೇ ಉಜ್ಜಿಸಣ್ಣಾ."

"ಸ್ವಲ್ಪ ತಾಳಪ್ಪ," ಎಂದಿತು ಯಂತ್ರ. "ದೊಡ್ಡವರೇ, ಈಗ ಮುಚ್ಚಿಕೊಳ್ಳಿ."

"ರೇಸಿನಲ್ಲಿ ಮುಚ್ಚಿಕೊಳ್ಳುವವರು ಯಾರು?"

"ತಿರುವು ಬಂದಾಗ ಎಲ್ಲರೂ."

ಥ್ರಾಟಲ್ ಮುಚ್ಚಿಕೊಂಡಿತು. ಆದರೂ ತಟ್ಟೆಯ ಸುತ್ತ ಗಾಳಿ ಸುಯ್ಯೆಂದು ನುಗ್ಗುತ್ತಲೇ ಇತ್ತು. ನೀರು ಸೊನ್ನೆಗೆ ಇಳಿಯಲಿಲ್ಲ.

"ಇನ್ನೂ ಬಿಗಿಯಾಗಿ."

"ಇಷ್ಟೇ ಆಗುವುದು."

"ಹಾಗಾದರೆ ನಿಮ್ಮನ್ನು ಗಾಡಿಗೆ ಹಾಕುವಂತಿಲ್ಲ. ಓಡಿಸುವವನು ಪೆಡಲಿನಿಂದ ಕಾಲು ತೆಗೆದರೂ ಎಂಜಿನ್ ಮಾತು ಕೇಳುವುದಿಲ್ಲ."

ಆಚೆ ಲೇತು ತಿರುಗತೊಡಗಿತು. ತಮ್ಮ ಗಾಬರಿಯಿಂದ ಕೇಳಿತು: "ಅಣ್ಣಾ, ಅಷ್ಟು ಗಾಳಿ ಪಡೆಯಲು ನೀನು ಕೊಟ್ಟದ್ದೇನು?"

"ಸಾಕು ಎನ್ನುವ ಶಕ್ತಿಯನ್ನು," ಎಂದಿತು ಥ್ರಾಟಲ್.