ಕಂಠಪ್ಪ ಸಾಹುಕಾರನ ವೀಳ್ಯ

ಕಂಠಪ್ಪ ಸಾಹುಕಾರ ತಂಬಾಕು ಮಾರಿ ಜನರನ್ನು ಕೊಂದ. ಕೊಲ್ಲುತ್ತದೆಂದು ಗೊತ್ತಿದ್ದೇ ಮಾರಿದ. ಹಲ್ಲುನೋವಿಗೆ ಒಳ್ಳೆಯದು, ಹಸಿವಿಗೆ ಒಳ್ಳೆಯದು, ದಣಿವಿಗೆ ಒಳ್ಳೆಯದು ಎಂದು ಸುಳ್ಳು ಹೇಳಿ ಮಾರಿದ. ಸತ್ತವರ ಮನೆಗೆ ಹೂವಿನ ಹಾರ ಕಳಿಸಿದ. ಅದೇ ಬುಟ್ಟಿಯಲ್ಲಿ ಉಳಿದವರಿಗೆ ತಂಬಾಕೂ ಕಳಿಸಿದ.

ಕೊನೆಗೆ ಕಮ್ಮರಗಿರಿಯ ರಾಣಿ ಕಂಚಲಾದೇವಿಗೆ ತಡೆಯಲಾಗಲಿಲ್ಲ. ಊರೂರಿಗೆ ಡಂಗುರ ಹೊಡೆಸಿದಳು.

“ಕೇಳ್ರಪ್ಪೋ ಕೇಳ್ರಿ. ರಾಣಿಯವರು ಕಂಠಪ್ಪ ಸಾಹುಕಾರನ ಮೇಲೆ ದಾವೆ ಹೂಡಿದ್ದಾರೆ. ಅರಮನೆಯ ವಕೀಲರೆಲ್ಲ ಅವನ ವೀಳ್ಯ ತಗೊಂಡು ಕೂತಿದ್ದಾರೆ. ಅದಕ್ಕೇ ಹೊರಗಿನ ವಕೀಲರು ಬೇಕಾಗಿದ್ದಾರೆ. ಬಂದವರಿಗೆ ಮೂರು ಒಗಟು. ಬಿಡಿಸಿದವರು ದಾವೆ ನಡೆಸಬೇಕು, ಗೆದ್ದರೆ ದಂಡದಲ್ಲಿ ಪಾಲು. ಒಂದು ತಪ್ಪಿದರೂ ತಲೆ ಹೋಗುತ್ತದೆ.”

ಆ ನಾಡಿನಲ್ಲಿ ಒಬ್ಬರ ಕೈಯಿಂದ ವೀಳ್ಯ ತೆಗೆದುಕೊಂಡರೆ ‘ನಾನು ನಿಮ್ಮವನು’ ಎಂದು ಒಪ್ಪಿಕೊಂಡ ಹಾಗೆ. ಆಮೇಲೆ ಅವರ ವಿರುದ್ಧ ಉಸಿರೆತ್ತುವಂತಿಲ್ಲ. ಕಂಠಪ್ಪನಿಗೆ ಇಷ್ಟು ಸಾಕಾಯಿತು. ಬೆಳ್ಳಿತಟ್ಟೆ ಹಿಡಿದು ತಾನೇ ಅರಮನೆಯ ಬಾಗಿಲಲ್ಲಿ ನಿಂತ. ತಟ್ಟೆಯಲ್ಲಿ ಎಲೆ, ಅಡಿಕೆ, ನಡುವೆ ಘಮಘಮ ತಂಬಾಕು. ದೂರದಿಂದ ಬಂದ ಮೂವರು ವಕೀಲರು ಒಬ್ಬೊಬ್ಬರೇ ತೆಗೆದುಕೊಂಡು, ಮಡಚಿ ದವಡೆಗೆ ತುರುಕಿ ಒಳಗೆ ಹೋದರು.

ಕೊನೆಗೆ ಬಂದವನು ಹುಲುಗಪ್ಪ. ಅವನು ಕೆರೆಯ ಏರಿಯ ಮೇಲೆ ಕೂತು ಅಗಸರ, ಕುರುಬರ ಜಗಳಗಳಿಗೆ ವಾದ ಮಾಡುತ್ತಿದ್ದ ಹುಡುಗ. ಗೆದ್ದರೆ ಒಂದು ಸೇರು ಜೋಳ, ಸೋತರೆ ಏನೂ ಇಲ್ಲ. ಅವನ ತಾಯಿ ಸಣ್ಣೀರವ್ವ ಹಾಡದೆ ಆ ಸೀಮೆಯಲ್ಲಿ ಮದುವೆಯೇ ಆಗುತ್ತಿರಲಿಲ್ಲ. ಹಲ್ಲುನೋವಿಗೆಂದು ಕಂಠಪ್ಪನ ತಂಬಾಕು ಹಾಕಿಕೊಂಡಳು. ಈಗ ಬಾಯಿ ಒಂದು ಬೆರಳಿನಷ್ಟೂ ತೆರೆಯುವುದಿಲ್ಲ. ಗಂಜಿ ಕುಡಿಯುವುದೇ ಕಷ್ಟ. ಮಗ ಹೊರಟಾಗ ಅವನ ಕಿವಿ ಹಿಡಿದೆಳೆದು ಹಲ್ಲಿನ ಸಂದಿಯಿಂದ ಹೇಳಿದ್ದಳು: “ತಲಿ ಜ್ವಾಕಿ. ಬಾಯಿ ಅದಕ್ಕಿಂತ ಜ್ವಾಕಿ.”

“ಬಾ ತಮ್ಮಾ, ದಣಿದು ಬಂದೀಯ. ತಗೋ,” ಎಂದು ಕಂಠಪ್ಪ ತಟ್ಟೆ ಚಾಚಿದ.

“ಈಗ ಬ್ಯಾಡ್ರಿ ಸಾವ್ಕಾರ್ರ. ಬೇಕಾದಾಗ ನಾನs ಕೇಳ್ತೀನಿ.”

ಸಭೆ ಕೂಡಿತು. ರಾಣಿ ಮೊದಲ ಒಗಟು ಹೇಳಿದಳು: “ಒಬ್ಬ ಅತಿಥಿ ಇದ್ದಾನೆ. ಕರೆದ ಮನೆಯ ಯಜಮಾನನನ್ನೇ ತಿನ್ನುತ್ತಾನೆ. ಅಪ್ಪನ ತಿಥಿ ಮುಗಿಸಿದ ಮಗ ಅದೇ ಅತಿಥಿಯನ್ನು ಮತ್ತೆ ಮನೆಗೆ ಕರೆತರುತ್ತಾನೆ. ಯಾರವನು?”

ಉತ್ತರ ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಾಗಿಲು ಕಾಯುವವನಿಗೂ ಗೊತ್ತಿತ್ತು.

ಕಾಶಿಯಲ್ಲಿ ಓದಿಬಂದ ಪಂಡಿತ ಮೊದಲು ಎದ್ದು, ಕಂಠಪ್ಪನ ಕಡೆ ನೋಡಿದ. ತಂಬಾಕನ್ನು ಎಡದವಡೆಯಿಂದ ಬಲಕ್ಕೆ ಸರಿಸಿ, “ಯಮ, ತಾಯಿ,” ಎಂದ.

“ಯಮನನ್ನು ಯಾರೂ ಸಂತೆಯಿಂದ ತರುವುದಿಲ್ಲ ಪಂಡಿತರೇ. ತಲೆ ಹೋಗುವವರೆಗೆ ಸೆರೆಯಲ್ಲಿರಿ, ನಡೆಯಿರಿ.”

“ಹೆದರಬೇಡಿ, ನಾನು ಬಿಡಿಸ್ತೀನಿ,” ಎಂದು ಕಂಠಪ್ಪ ಪಿಸುಗುಟ್ಟಿದ.

ಎರಡನೆಯವನು “ಚಳಿಜ್ವರ” ಎಂದ. ಅವನೂ ಸೆರೆಗೆ ಹೋದ. ಮೂರನೆಯವನು ಬೆವತು, ಎಂಜಲು ನುಂಗಿ, “ಅಳಿಯ” ಎಂದ. ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ರಾಣಿಗೂ ನಗು ಬಂತು. ಆದರೂ ಅವನನ್ನು ಬಿಡಲಿಲ್ಲ.

ಹುಲುಗಪ್ಪ ಎದ್ದು ನಿಂತ. “ತಂಬಾಕು,” ಎಂದ. “ನಮ್ಮ ಓಣ್ಯಾಗ ಅಪ್ಪನ್ನ ಹೂಳಿ ಬಂದವರು ಅಲ್ಲೇ ಕಟ್ಟೀ ಮ್ಯಾಲೆ ಕೂತು ಅದನ್ನs ತಿಕ್ಕತಾರ್ರಿ.”



“ಎರಡನೆಯದು,” ಎಂದಳು ರಾಣಿ. “ಖಾಲಿ ಇದ್ದರೆ ನನ್ನ ಕೆಲಸಕ್ಕೆ ಬರುತ್ತದೆ, ತುಂಬಿದರೆ ಬೇರೆಯವರದಾಗುತ್ತದೆ. ಅದು ಯಾವುದು?”

“ವಕೀಲನ ಬಾಯಿ. ನಿಮ್ಮ ವಕೀಲರ ಬಾಯಿ ಒಮ್ಮೆ ತೆರೆಸಿ ನೋಡ್ರಿ, ತಾಯಿ.”

ಸಾಲಾಗಿ ಕೂತಿದ್ದ ಅರಮನೆಯ ವಕೀಲರೆಲ್ಲ ಒಟ್ಟಿಗೇ ತುಟಿ ಬಿಗಿದುಕೊಂಡರು.

“ಕಡೆಯದು. ಇವನು ಊರಿಗೆಲ್ಲ ಉಣಬಡಿಸುತ್ತಾನೆ. ಅದೇ ಊಟವನ್ನು ತನ್ನ ಮಕ್ಕಳಿಗೆ ಮುಟ್ಟಗೊಡುವುದಿಲ್ಲ. ಇವನು ಯಾರು? ಉತ್ತರ ಹೇಳಿದರೆ ಸಾಲದು, ತೋರಿಸಬೇಕು.”

ಹುಲುಗಪ್ಪ ಕಂಠಪ್ಪನ ಕಡೆ ತಿರುಗಿದ. “ಸಾವ್ಕಾರ್ರ, ಆ ತಟ್ಟೆ ಈಗ ಕೊಡ್ರಿ.”

ಕಂಠಪ್ಪನ ಮುಖ ಅರಳಿತು. ಇವನೂ ದಾರಿಗೆ ಬಂದ ಎಂದುಕೊಂಡು ಓಡಿಬಂದು ತಟ್ಟೆ ಕೊಟ್ಟ. ಹುಲುಗಪ್ಪ ಒಂದು ಎಲೆಯನ್ನೂ ಮುಟ್ಟಲಿಲ್ಲ. ತಟ್ಟೆಯನ್ನು ಹಾಗೇ ಹೊತ್ತು ಹೆಂಗಸರ ಸಾಲಿಗೆ ಹೋಗಿ, ಸಾಹುಕಾರನ ಒಬ್ಬಳೇ ಮಗಳು ಕಸ್ತೂರಿಯ ಮುಂದೆ ಹಿಡಿದ. “ತಗೋ ತಂಗೀ. ನಿಮ್ಮಪ್ಪನ ಮಾಲು. ಹಲ್ಲಿಗೆ ಭಾಳ ಚಲೋ ಅಂತ.”

ಕಸ್ತೂರಿ ಕೈ ಚಾಚಿದಳು. ಕಂಠಪ್ಪ ಪಂಚೆ ಎಡವುತ್ತ ಓಡಿಬಂದು ತಟ್ಟೆಗೆ ಬಾರಿಸಿದ. ಎಲೆ ಅಡಿಕೆ ಸಭೆಯ ತುಂಬ ಚೆಲ್ಲಾಡಿದವು.

“ಮುಟ್ಟಬೇಡ ಮಗಳೇ, ಸಾಯ್ತೀಯ.”

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಕೇಳಿಸಿತು.

“ಉತ್ತರ ಇಲ್ಲೇ ನಿಂತೈತ್ರಿ ತಾಯಿ,” ಎಂದ ಹುಲುಗಪ್ಪ. “ಊರಿಗೆ ಔಷಧ, ಮಗಳಿಗೆ ವಿಷ. ಇನ್ನ ನಾನು ವಾದ ಮಾಡೂದು ಏನೈತಿ?”

ದಾವೆ ಅವತ್ತೇ ಮುಗಿಯಿತು. ಕಂಠಪ್ಪ ದಂಡ ಕಟ್ಟಬೇಕು, ತಂಬಾಕಿನಿಂದ ಕಾಯಿಲೆ ಬಿದ್ದವರ ಆರೈಕೆಯೆಲ್ಲ ಅವನದೇ ಎಂದು ತೀರ್ಪಾಯಿತು. ಅವನ ಅಂಗಡಿಯ ಮುಂದೆ ದಿನವೂ ಅವನ ಖರ್ಚಿನಲ್ಲೇ ತಮಟೆ ಬಡಿದು, ‘ಇದು ಕೊಲ್ಲುತ್ತದೆ, ಇವನ ಮಗಳು ತಿನ್ನುವುದಿಲ್ಲ’ ಎಂದು ಸಾರುವವನೊಬ್ಬ ನಿಂತ. ಹುಲುಗಪ್ಪ ರಾಜ್ಯದ ವಕೀಲನಾದ. ದಂಡದ ಪಾಲಿನ ಜೊತೆಗೆ ಸೆರೆಯಲ್ಲಿದ್ದ ಮೂವರ ತಲೆಗಳನ್ನೂ ಬೇಡಿ ಪಡೆದ. “ಅವು ಮುಂಡದ ಮ್ಯಾಲೇ ಇರ್ಲಿ. ಕೈಗೆ ಮಾತ್ರ ಪೊರಕೆ ಕೊಡ್ರಿ,” ಎಂದ. ಯಮ, ಚಳಿಜ್ವರ, ಅಳಿಯ ಮೂವರೂ ಕೂಡಿ ಊರಗೋಡೆಗಳ ಮೇಲಿನ ಕೆಂಪು ಉಗುಳನ್ನೆಲ್ಲ ಉಜ್ಜಿ ತೊಳೆದರು.

ಸಣ್ಣೀರವ್ವನ ಬಾಯಿ ಮತ್ತೆ ತೆರೆಯಲಿಲ್ಲ. ಆದರೆ ಮಗನ ಮೆರವಣಿಗೆಯಲ್ಲಿ ಹೆಂಗಸರೆಲ್ಲ ಅವಳ ಹಾಡುಗಳನ್ನೇ ಹಾಡಿದರು. ಅವಳು ಮುಂದೆ ನಿಂತು ಚಪ್ಪಾಳೆಯಲ್ಲೇ ತಾಳ ಹಾಕಿ, ತಪ್ಪಿದವರ ತಲೆಗೆ ಮೊಟಕುತ್ತ ನಡೆಸಿದಳು.

ನಿಮ್ಮೂರಲ್ಲೂ ಶಾಲೆಯ ಎದುರು ಒಂದು ಗೂಡಂಗಡಿ ಇದೆ. ಅಲ್ಲಿ ತಂಬಾಕಿನ ಬಣ್ಣಬಣ್ಣದ ಪಾಕೀಟುಗಳು ಸರ ಕಟ್ಟಿ ತೂಗಾಡುತ್ತಿವೆ. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ. ‘ಇದನ್ನು ನಿನ್ನ ಮಗಳಿಗೆ ಕೊಡುತ್ತೀಯಾ?’ ಎಂದು ಕೇಳಿ. ಇಲ್ಲವೆಂದರೆ ‘ಆ ಸರ ಇಳಿಸು’ ಎನ್ನಿ. ಅವನು ಇಳಿಸುವವರೆಗೂ ಅಲ್ಲಿಂದ ಕದಲಬೇಡಿ.