ಮೇಲೆ ನಿಂತ ಮರಿಸ್ವಾಮಿ

ಬಸ್ ಡಿಪೋದ ಮೆಕ್ಯಾನಿಕ್ ಮರಿಸ್ವಾಮಿಗೆ ಮೇಲ್ವಿಚಾರಕನಾಗಿ ಬಡ್ತಿ ಸಿಕ್ಕಿತು. ಮ್ಯಾನೇಜರ್ ಕರೆದು ಗದರಿದರು: "ಮೇಲ್ವಿಚಾರಕ ಅಂದ್ರೆ ಮೇಲೆ ನಿಂತು ವಿಚಾರ ಮಾಡೋನು. ಗಾಡಿ ಕೆಳಗೆ ನುಗ್ಗಿದ್ಯೋ, ಬಡ್ತಿ ವಾಪಸ್!" ಪಾಪ, ಮರಿಸ್ವಾಮಿ ಬಿಳಿ ಅಂಗಿ ತೊಟ್ಟು, ಕೈಕಟ್ಟಿ ನಿಂತು ನಿಂತೇ ಸೊರಗಿದ.

ಒಂದು ದಿನ ಇಬ್ಬರೂ ಹೊರಟಿದ್ದ ಜೀಪು ನಡುದಾರಿಯಲ್ಲಿ ಕೆಟ್ಟು ನಿಂತಿತು.

"ಕೆಳಗೆ ನುಗ್ಗಿ ನೋಡಯ್ಯ!"

"ಬಡ್ತಿ ಹೋಗುತ್ತಲ್ಲ ಸಾರ್! ನಾನು ಮೇಲೆ ನಿಂತು ವಿಚಾರ ಮಾಡ್ತೀನಿ. ಕೆಳಗೆ ಹೋಗೋಕೆ ಇನ್ನೊಬ್ಬರು ಬೇಕು."

ಅಲ್ಲಿದ್ದ ಇನ್ನೊಬ್ಬರು ಮ್ಯಾನೇಜರೇ. ಆಡಿದ ಮಾತು ನುಂಗಲು ಬಿಗುಮಾನ ಬಿಡಲಿಲ್ಲ. ಗೊಣಗುತ್ತಲೇ ಜೀಪಿನಡಿ ತೂರಿದರು. ಮರಿಸ್ವಾಮಿ ಹೇಳಿದಂತೆ ಡೀಸೆಲ್ ಪೈಪಿನ ನಟ್ಟು ಬಿಗಿದರು. ಜೀಪು ಗುರ್ರೆಂದಿತು.

ಮ್ಯಾನೇಜರ ಮುಖವೆಲ್ಲ ಗ್ರೀಸು. ಆದರೂ ಕುಣಿದಾಡಿಬಿಟ್ಟರು. "ನಾನೇ ರಿಪೇರಿ ಮಾಡಿದೆ ಕಣಯ್ಯ!"

"ಅದೇ ಖುಷಿ ಸಾರ್," ಎಂದ ಮರಿಸ್ವಾಮಿ, "ನೀವು ನನ್ನಿಂದ ಕಿತ್ಕೊಂಡಿದ್ದು."