ಕಿರೀಟ ನಿಲ್ಲದ ಗುಂಗುರು ತಲೆ

ಈ ಕತೆ ನನಗೆ ಮೊದಲು ಹೇಳಿದ್ದು ನಮ್ಮ ಗಿರಿಜಜ್ಜಿ, ಅಂದರೆ ನಿನ್ನ ಮುತ್ತಜ್ಜಿ. ನನ್ನ ತಲೆಯ ಸಿಕ್ಕು ಬಿಡಿಸುತ್ತ ಹೇಳುತ್ತಿದ್ದಳು. ಸಿಕ್ಕು ಜಾಸ್ತಿ ಇದ್ದ ದಿನ ಕತೆ ಉದ್ದ, ಕಡಿಮೆ ಇದ್ದ ದಿನ ಕತೆಯ ಆನೆಗೂ ಅವಸರ. ನಿನ್ನ ತಲೆ ನೋಡಿದರೆ ಇವತ್ತು ಪೂರ್ತಿ ಹೇಳಬೇಕಾಗುತ್ತೆ. ನಾಳೆ ಪಾರ್ಲರಿನಲ್ಲಿ ಕೂದಲು ಕತ್ತರಿಸ್ತಾರೆ ಅಂತ ಮುಖ ಊದಿಸಿಕೊಂಡಿದ್ದು ಸಾಕು, ಬಾ ಮಿಂಚು, ಇಲ್ಲಿ ತೊಡೆ ಮೇಲೆ ತಲೆ ಇಡು.

ಒಂದಾನೊಂದು ಕಾಲದಲ್ಲಿ, ಶಾಂಪೂ ಇನ್ನೂ ಹುಟ್ಟದೆ ಜನರ ಕಣ್ಣು ಉರಿಸೋ ಅಧಿಕಾರ ಪೂರ್ತಿ ಸೀಗೆಕಾಯಿಗೇ ಇದ್ದ ಕಾಲದಲ್ಲಿ, ಒಬ್ಬ ರಾಜ ಇದ್ದನಂತೆ. ಅವನಿಗೆ ನೀಲಾಂಬೆ ಅಂತ ಒಬ್ಬಳೇ ಮಗಳು. ರಾಜ ತೀರಿಕೊಂಡ ಮೇಲೆ ಪಟ್ಟ ಅವಳಿಗೇ ಬರಬೇಕು, ಆದರೆ ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತಂತೆ. ಪಟ್ಟಕ್ಕೆ ಬರೋರು ಕಿರೀಟ ಇಟ್ಟುಕೊಂಡು, ಆನೆ ಮೇಲೆ ಕೂತು, ಅರಮನೆ ಬಾಗಿಲಿಂದ ಊರ ಕೆರೆವರೆಗೂ ಹೋಗಿ ಬರಬೇಕು, ಕಿರೀಟಕ್ಕೆ ಕೈ ತಾಗಿಸಬಾರದು, ಅದು ಬೀಳಲೂಬಾರದು. ಮೂರು ಶುಕ್ರವಾರ ಅವಕಾಶ. ಮೂರು ಸಲವೂ ಬಿದ್ದರೆ ಪಟ್ಟ ಚಿಕ್ಕಪ್ಪನಿಗೆ. ಆ ಚಿಕ್ಕಪ್ಪನ ತಲೆ ಪೂರ್ತಿ ಬೋಳು. ಅವನ ತಲೆ ಮೇಲೆ ಹೇಗೆ ನಿಲ್ಲುತ್ತೆ ಅಂತ ಕೇಳ್ತೀಯ, ಗೊತ್ತು, ನಾನೂ ಕೇಳಿದ್ದೆ. ಚಿಕ್ಕಪ್ಪಂದಿರಿಗೆ ಪರೀಕ್ಷೆ ಇರಲಿಲ್ಲವಂತೆ. ಆ ಪದ್ಧತಿ ಮಾಡಿದ್ದೂ ಯಾರೋ ಚಿಕ್ಕಪ್ಪನೇ ಇರಬೇಕು ಅಂತ ಗಿರಿಜಜ್ಜಿ ಅನ್ನುತ್ತಿದ್ದಳು.

ನೀಲಾಂಬೆಗೆ ಗುಂಗುರು ಕೂದಲು, ನಿನ್ನ ಹಾಗೇ. ಸ್ನಾನ ಮಾಡಿ ಬಿಟ್ಟರೆ ಹೊಗೆ ಎದ್ದ ಹಾಗೆ ನಾಲ್ಕೂ ಕಡೆ ಏಳುತ್ತಿತ್ತಂತೆ. ಅವಳಮ್ಮ ರಾಣಿಗೆ ಅದೊಂದು ನಾಚಿಕೆ. ಅರಮನೆ ಹುಡುಗಿ ಕೂದಲು ಹೀಗಿರುತ್ತಾ ಅಂತ ದಿನಾ ಬೆಳಿಗ್ಗೆ ತಾನೇ ಒಂದು ಗಿಂಡಿ ಹರಳೆಣ್ಣೆ ಸುರಿದು, ಹುಬ್ಬು ಹಿಂದಕ್ಕೆ ಹೋಗೋ ಹಾಗೆ ಬಿಗಿದು ಬಾಚಿಬಿಡುತ್ತಿದ್ದಳಂತೆ. ತಲೆ ಬಾಚೋಳು ಬರೋ ದಿನ ಅಂತೂ ಇನ್ನೊಂದು ಗಿಂಡಿ ಜಾಸ್ತಿ. ಅವಳ ಮುಂದೆ ಕೆದರಿದ ತಲೆ ಇಟ್ಟುಕೊಂಡು ಕೂತರೆ ಮರ್ಯಾದೆ ಉಳಿಯುತ್ತಾ ಅಂತ.

ತಲೆ ಬಾಚೋಳ ಹೆಸರು ಪುಟ್ಟತಾಯಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೊದಲನೇ ಶುಕ್ರವಾರ ಬಂದು, ಹೇಗೆ ಕಟ್ಟಲಿ ಅಮ್ಮಣ್ಣಿ ಅಂತ ಕೇಳಿದಳಂತೆ. ನೀಲಾಂಬೆ, ನಿನ್ನಿಷ್ಟ ಅಂದಳಂತೆ. ನೋವಾಗ್ತಿದೆಯಾ ಅಂದರೆ ಇಲ್ಲ. ಚೆನ್ನಾಗಿದೆಯಾ ಅಂದರೆ ಕನ್ನಡಿನೂ ನೋಡದೆ ಹ್ಞೂಂ. ಪುಟ್ಟತಾಯಿ ಪಾಪ, ಇದು ನುಣುಪು ಕೂದಲು ಅಂದುಕೊಂಡು ನೆತ್ತಿ ಮೇಲೆ ಒಂದು ತುರುಬು ಕಟ್ಟಿ ಕಿರೀಟ ಇಟ್ಟಳಂತೆ. ಆಮೇಲೆ ಆನೆ ಏಳೋಕೆ ಒಂದು ಸಲ ಮುಂದಕ್ಕೆ ಬಾಗಿದ್ದೇ ತಡ, ಎಣ್ಣೆ ತಲೆ ಮೇಲಿಂದ ಕಿರೀಟ ಸರ್ರಂತ ಜಾರಿ ಮಾವುತನ ಮಡಿಲಿಗೆ ಬಿತ್ತಂತೆ. ಎಲ್ಲರಿಗಿಂತ ಮೊದಲು ಕಣ್ಣೊರೆಸಿಕೊಂಡೋನು ಚಿಕ್ಕಪ್ಪ.

ಆಮೇಲೆ ರಾಣಿ ತಪ್ಪೆಲ್ಲ ಪುಟ್ಟತಾಯಿ ಮೇಲೆ ಹಾಕಿ ಅವಳನ್ನ ಮನೆಗೆ ಕಳಿಸಿ, ಪಕ್ಕದ ರಾಜ್ಯದಿಂದ ಒಬ್ಬ ದೊಡ್ಡ ಹೆಸರಿನ ಸಿಂಗಾರದೋನನ್ನ ಕರೆಸಿದಳಂತೆ. ಅವನು ಬಂದಾಗಲೂ ಅದೇ ಎಣ್ಣೆ, ಅದೇ ನಿನ್ನಿಷ್ಟ. ಅವನು ಇಕ್ಕಳ ಕೆಂಡದಲ್ಲಿ ಕಾಯಿಸಿ ಕೂದಲನ್ನ ಒಂದೊಂದೇ ಎಳೆ ಇಸ್ತ್ರಿ ಮಾಡಿದನಂತೆ. ಎಣ್ಣೆಯೆಲ್ಲ ಹೊಗೆಯಾಗಿ ಹೋಯಿತು, ಅರಮನೆ ತುಂಬ ಸುಟ್ಟ ವಾಸನೆ, ಕಿವಿ ಚುರ್ ಅಂದರೂ ನೀಲಾಂಬೆ ಬಾಯಿ ಬಿಡಲಿಲ್ಲವಂತೆ. ಕೂದಲು ದಾರದ ಹಾಗೆ ನೆಟ್ಟಗಾದ ಮೇಲೆ ಅದನ್ನೇ ಕಿರೀಟಕ್ಕೆ ಸುತ್ತಿ ಕಟ್ಟಿದನಂತೆ. ಎರಡನೇ ಶುಕ್ರವಾರ ಕೆರೆವರೆಗೂ ಏನೂ ಆಗಲಿಲ್ಲ. ಆದರೆ ಆನೆ, ನೀರು ಕಂಡರೆ ಸುಮ್ಮನಿರುತ್ತಾ, ಸೊಂಡಿಲು ತುಂಬ ನೀರು ಎಳೆದುಕೊಂಡು ಬೆನ್ನ ಮೇಲೆ ಎರಚಿಕೊಂಡಿತಂತೆ. ನೀರು ಬಿದ್ದಿದ್ದೇ ಕೂದಲಿಗೆ ತನ್ನ ಹುಟ್ಟುಗುಣ ನೆನಪಾಗಿ, ಒಂದೊಂದೇ ಎಳೆ ಸುರುಳಿ ಸುತ್ತಿಕೊಂಡು, ಕಟ್ಟು ಬಿಚ್ಚಿ, ಕಿರೀಟ ಬುಳುಕ್ಕಂತ ಕೆರೆಗೆ. ಹುಡುಕಿ ತೆಗೆಯೋ ಹೊತ್ತಿಗೆ ಬೆಸ್ತರು ಸುಸ್ತು.

ಇನ್ನು ಉಳಿದಿದ್ದು ಒಂದೇ ಶುಕ್ರವಾರ. ಚಿಕ್ಕಪ್ಪ ಆಗಲೇ ದರ್ಜಿಗೆ ಪಟ್ಟದ ಅಂಗಿಯ ಅಳತೆ ಕೊಟ್ಟಿದ್ದನಂತೆ.

ಆವತ್ತು ನೀಲಾಂಬೆ ಬೆಳಿಗ್ಗೆ ಬೇಗ ಎದ್ದು, ಯಾರನ್ನೂ ಕೇಳದೆ ಸೀಗೆಕಾಯಿ ಹಾಕಿ ತಲೆ ತೊಳೆದುಕೊಂಡು, ಎಣ್ಣೆ ಮುಟ್ಟದೆ, ಬಾಚಣಿಗೆ ಮುಟ್ಟದೆ, ಕೂದಲು ಬಿಟ್ಟುಕೊಂಡೇ ಹಜಾರದಲ್ಲಿ ಬಂದು ಕೂತು, ಪುಟ್ಟತಾಯಿನ ಕರೀರಿ ಅಂದಳಂತೆ. ರಾಣಿ ಗಿಂಡಿ ಹಿಡಿದು ಓಡಿ ಬಂದು, ಈ ತಲೇಲಿ ಊರೋರು ನೋಡಿದರೆ ಏನಂದಾರು ಕಣೇ ಅಂದಳಂತೆ. ಕಿರೀಟ ಬಿದ್ದಾಗ ಊರೋರು ಕಣ್ಣು ಮುಚ್ಚಿಕೊಂಡಿದ್ದರಾ ಅಮ್ಮ, ಅಂದಳಂತೆ ಮಗಳು.

ಪುಟ್ಟತಾಯಿ ಬಂದು ನೋಡಿ, ಬಾಚಣಿಗೆ ಕೆಳಗಿಟ್ಟು ಕೂತುಬಿಟ್ಟಳಂತೆ. ಅಲ್ಲ ಅಮ್ಮಣ್ಣಿ, ಇಷ್ಟು ವರ್ಷ ಈ ತಲೆ ಎಲ್ಲಿ ಬಚ್ಚಿಟ್ಟಿದ್ರಿ, ನಾನು ಇನ್ಯಾರದೋ ತಲೆ ಬಾಚಿ ಹೋಗ್ತಿದ್ದೆ ಅಂತಾಯ್ತು ಅಂದಳಂತೆ.

ನೀಲಾಂಬೆ ಆವತ್ತು ಎಲ್ಲ ಬಾಯಿ ಬಿಟ್ಟಳಂತೆ. ಹಿಂದೆ ಎರಡು ಸುಳಿ ಇದೆ, ಅಲ್ಲಿ ಎಳೆದರೆ ಪ್ರಾಣ ಹೋಗುತ್ತೆ. ಒದ್ದೆಯಾದರೆ ಕೂದಲು ಅರ್ಧಕ್ಕರ್ಧ ಗಿಡ್ಡ ಆಗುತ್ತೆ. ಮುಂದಿನ ಈ ಮೊಟಕು ಎಳೆ ಇದೆಯಲ್ಲ, ಇದನ್ನ ನಾನೇ ಕದ್ದು ಕತ್ತರಿಸಿಕೊಂಡಿದ್ದು. ಅಷ್ಟು ಹೇಳಿ, ಇವತ್ತು ಚೆಂದ ಕಾಣೋದು ಆಮೇಲೆ, ಮೊದಲು ಕಿರೀಟ ನಿಲ್ಲಬೇಕು ಅಂದಳಂತೆ.

ನಿಲ್ಲಿಸ್ತೀನಿ, ಆದರೆ ಸುಟ್ಟಿರೋ ತುದಿ ಒಂದು ಗೇಣು ಹೋಗಬೇಕು, ಅದು ಸುರುಳಿನೂ ಆಗಲ್ಲ ನೆಟ್ಟಗೂ ನಿಲ್ಲಲ್ಲ, ಅದನ್ನ ಉಳಿಸಿಕೊಡು ಅಂದರೆ ನನ್ನ ಕೈಲಾಗಲ್ಲ ಅಂದಳಂತೆ ಪುಟ್ಟತಾಯಿ. ರಾಣಿ ಅತ್ತಳು. ನೀಲಾಂಬೆ, ಕತ್ತರಿಸು ಅಂದಳಂತೆ. ಆಮೇಲೆ ಪುಟ್ಟತಾಯಿ ಕೂದಲಿಗೆ ನೀರು ಚಿಮುಕಿಸಿ, ತುದಿಯಿಂದ ಶುರುಮಾಡಿ ಬೆರಳಲ್ಲೇ ಸಿಕ್ಕು ಬಿಡಿಸಿ, ಕಿರೀಟನ ತಲೆ ಮೇಲಿಟ್ಟು, ಅದರ ಜಾಲರಿ ಸಂದಿಗಳಲ್ಲಿ ಒಂದೊಂದೇ ಸುರುಳಿ ತೂರಿಸಿ ಹೊರಗೆ ಬಿಟ್ಟಳಂತೆ. ನಡುವೆ ಎರಡು ಸಲ ನೀಲಾಂಬೆ ಇಲ್ಲಿ ಬಿಗಿ ಅಂದಳು, ಎರಡು ಸಲವೂ ಪುಟ್ಟತಾಯಿ ಸಡಿಲ ಮಾಡಿದಳು.

ಆನೆ ಬಾಗಿತು, ಎದ್ದಿತು, ಕಿರೀಟ ಅಲ್ಲಾಡಲಿಲ್ಲ. ಚಿಕ್ಕಪ್ಪ ಮಾವುತನ ಹತ್ತಿರ ಹೋಗಿ, ಸೆಕೆ ಜಾಸ್ತಿ ಕಣಪ್ಪ, ಆನೆಗೆ ಚೆನ್ನಾಗಿ ನೀರು ಕುಡಿಸು ಅಂದನಂತೆ. ಕೆರೆ ಹತ್ತಿರ ಆನೆ ಒಂದು ಸಲ ಎರಚಿತು, ಎರಡು ಸಲ ಎರಚಿತು, ಮೂರನೇ ಸಲ ನೀಲಾಂಬೆ ನೆನೆದು ತೊಪ್ಪೆ. ಒದ್ದೆ ಆದಷ್ಟೂ ಸುರುಳಿಗಳು ಬಿಗಿದುಕೊಂಡು, ಮಗು ಅಮ್ಮನ ಕುತ್ತಿಗೆ ತಬ್ಬಿಕೊಳ್ಳುತ್ತಲ್ಲ, ಹಾಗೆ ಕಿರೀಟ ಹಿಡಿದುಕೊಂಡವಂತೆ.

ವಾಪಸ್ ಅರಮನೆ ಬಾಗಿಲಿಗೆ ಬಂದ ಮೇಲೆ ಮನೆ ಹಿರಿಯರು ಕಿರೀಟ ಇಳಿಸಿ ಆರತಿ ಮಾಡಬೇಕು. ಚಿಕ್ಕಪ್ಪ ಬಂದು ಎಳೆದನಂತೆ, ಬರಲಿಲ್ಲ. ಇನ್ನೂ ಜೋರಾಗಿ ಎಳೆದನಂತೆ. ಆಗ ನೀಲಾಂಬೆ, ಇಡೀ ಊರಿಗೆ ಕೇಳೋ ಹಾಗೆ, ನೋವಾಗ್ತಿದೆ ಚಿಕ್ಕಪ್ಪ, ಕೈ ತೆಗೀರಿ ಅಂದಳಂತೆ. ಅವನು ತೆಗೆದ. ಪಟ್ಟದ ಅಂಗಿ ದರ್ಜಿ ಅಂಗಡಿಯಲ್ಲೇ ಉಳಿಯಿತು.

ಆಮೇಲೆ ನೀಲಾಂಬೆ ಬಹಳ ವರ್ಷ ಸುಖವಾಗಿ ರಾಜ್ಯ ಆಳಿದಳಂತೆ, ಪುಟ್ಟತಾಯಿ ಅವಳ ಪಕ್ಕದಲ್ಲೇ ಕೂತು ಬಾಯಿಗೆ ಬಂದಿದ್ದು ಹೇಳುತ್ತಿದ್ದಳಂತೆ, ರಾಣಿ ಉಳಿದ ಹರಳೆಣ್ಣೆಯನ್ನೆಲ್ಲ ದೀಪಕ್ಕೆ ಹಾಕಿಸಿದಳಂತೆ. ಅಲ್ಲಿಗೆ ಅವರ ಕತೆ ಮುಗೀತು, ನಿನ್ನ ಸಿಕ್ಕೂ ಮುಗೀತು.

ನಾಳೆ ಪಾರ್ಲರಿನ ಅಕ್ಕ ಹೇಗೆ ಬೇಕು ಪುಟ್ಟಿ ಅಂತ ಕೇಳಿದರೆ ನನ್ನ ಮುಖ ನೋಡಬೇಡ, ನೀನೇ ಹೇಳು. ಎಣ್ಣೆ ನಾನು ಹಚ್ಚಲ್ಲ. ಮುಂದೆ ಯಾವತ್ತಾದರೂ ನಿನ್ನ ತೊಡೆ ಮೇಲೆ ಒಂದು ಗುಂಗುರು ತಲೆ ಬಂದು ಮಲಗಿದರೆ, ಈ ಕತೆ ಅದಕ್ಕೂ ಹೇಳು. ತುದಿಯಿಂದ ಶುರುಮಾಡು, ನಿಧಾನಕ್ಕೆ.